ಡ್ರೈಯರ್ ಸ್ಟಾರ್ಟ್ ಆಗ್ತಿಲ್ಲ, ಲೈಟ್ ಮಾತ್ರ ಬರ್ತದೆ. ಥರ್ಮಲ್ ಫ್ಯೂಸ್ ಬೈಪಾಸ್ ಮಾಡಬಹುದಾ?

ಹೆಬ್ರಿಮಳೆ:
ಬಟ್ಟೆ ಒಣಗಿಸುವ ಡ್ರೈಯರ್, 5.5 ಕೆಜಿ, ಬಿಸಿಗಾಳಿ ಪೈಪಿನಲ್ಲಿ ಹೊರಗೆ ಹೋಗುವ ಜಾತಿಯದ್ದು. ಡಿಸ್‌ಪ್ಲೇ ಇಲ್ಲ, ತಿರುಗಿಸುವ ಟೈಮರ್, ಪಕ್ಕದಲ್ಲಿ ಸ್ಟಾರ್ಟ್ ಬಟನ್. ಒಂಬತ್ತು ವರ್ಷ ಹಳೆಯದು. ಅಕ್ಟೋಬರಿನಿಂದ ಮೇ ವರೆಗೆ ಮುಚ್ಚಿಟ್ಟದ್ದು, ಜೂನಲ್ಲಿ ತೆಗೆದದ್ದು. ಮೊದಲ ವಾರ ಬಟನ್ ಎರಡು ಮೂರು ಸಲ ಒತ್ತಿದರೆ ಹೊರಡ್ತಿತ್ತು. ನಿನ್ನೆಯಿಂದ ಅದೂ ಇಲ್ಲ. ಟೈಮರ್ ತಿರುಗಿಸಿದರೆ ಲೈಟ್ ಬರ್ತದೆ, ಬಟನ್ ಒತ್ತಿದರೆ ಏನೂ ಇಲ್ಲ. ಬೇರೆ ಸಾಕೆಟ್‌ಗೆ ಹಾಕಿ ನೋಡಿ ಆಯ್ತು. ವಿಡಿಯೊಗಳಲ್ಲಿ ಎಲ್ಲರೂ ಹೇಳುವುದು ಒಂದೇ: ಥರ್ಮಲ್ ಫ್ಯೂಸ್ (ಬಿಸಿ ಹೆಚ್ಚಾದರೆ ಕರೆಂಟ್ ಕಡಿಯುವಂಥದ್ದು) ಹೋಗಿರ್ತದೆ, ಅದರ ಎರಡು ವಯರ್ ಸೇರಿಸಿ ಟೆಸ್ಟ್ ಮಾಡಿ ಅಂತ. ಹಾಗೆ ಮಾಡಬಹುದಾ? ಮಲ್ಟಿಮೀಟರ್ ಉಂಟು, ಉಪಯೋಗಿಸಲಿಕ್ಕೆ ಗೊತ್ತುಂಟು.

ಡ್ಯಾಲಸ್_ದೊಡ್ಡಣ್ಣ:
ಇಲ್ಲಿ ಅಮೆರಿಕದಲ್ಲಿ ಡ್ರೈಯರ್ ಏಕಾಏಕಿ ಸತ್ತರೆ ಹತ್ತಕ್ಕೆ ಐದಾರು ಸಲ ಅದೇ ಫ್ಯೂಸು. ಬ್ಲೋವರ್ ಹೌಸಿಂಗ್ ಮೇಲೆ ಎರಡು ಸ್ಕ್ರೂನಲ್ಲಿ ಕೂತಿರುವ ಬಿಳಿ ಪ್ಲಾಸ್ಟಿಕ್ ತುಂಡು. ವರ್ಲ್‌ಪೂಲ್ ಮಾದರಿಗಳಲ್ಲಿ ಸುಮಾರು 91 ಡಿಗ್ರಿ ಸೆಲ್ಸಿಯಸ್‌ಗೆ ಹಾರುತ್ತೆ, ಒಮ್ಮೆ ಹಾರಿದರೆ ಮುಗೀತು, ಹೊಸದೇ ಹಾಕಬೇಕು. ಹಿಂದಿನ ತಗಡು ಬಿಚ್ಚಿ ನೋಡಿ, ಮೀಟರಿನಲ್ಲಿ ಕಂಟಿನ್ಯುಟಿ (ಕರೆಂಟ್ ಹಾಯುವ ದಾರಿ) ಇಲ್ಲದಿದ್ದರೆ ಅದೇ ಕಳ್ಳ.

ಟೆಸ್ಟ್‌ಲ್ಯಾಂಪ್:
ಹೆಬ್ರಿಯವರೇ, ಬೈಪಾಸ್ ಬೇಡ ಮಾರಾಯ್ರೆ. ಡ್ಯಾಲಸ್ ಸರ್ ಹೇಳಿದ್ದು ಅವರ ಕಡೆಯ ಮಷಿನಿಗೆ ಸರಿ. ನಮ್ಮಲ್ಲಿ ಬರುವುದು ಯುರೋಪಿನ ರೀತಿಯ ಡ್ರೈಯರ್, ಒಳಗಿನ ಜೋಡಣೆಯೇ ಬೇರೆ.

ಅಮೆರಿಕದ್ದಕ್ಕೆ 240 ವೋಲ್ಟ್ ಹೋಗ್ತದೆ, ಎರಡು ಫೇಸ್ ವಯರ್. ಹೀಟರ್ ಆ ಎರಡರ ನಡುವೆ, ಮೋಟರ್ ಮಾತ್ರ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 120ರಲ್ಲಿ. ಆ ಮೋಟರ್ ಲೈನಿನಲ್ಲಿ ಥರ್ಮಲ್ ಫ್ಯೂಸ್ ಕೂರಿಸಿರ್ತಾರೆ, ಅದಕ್ಕೇ ಫ್ಯೂಸ್ ಹೋದರೆ ಮಷಿನ್ ಮೂಕ. ನಮ್ಮದು ಒಂದೇ ಫೇಸ್, 230 ವೋಲ್ಟ್. ಹೆಚ್ಚಿನ ಮಷಿನಿನಲ್ಲಿ ಬಿಸಿ ಹೆಚ್ಚಾದರೆ ಕಡಿದು ಹಾಕುವ ಥರ್ಮೋಸ್ಟಾಟ್ ಹೀಟರ್ ಲೈನಿನಲ್ಲಿ ಇರ್ತದೆ. ಅದು ಹೋದರೆ ಡ್ರಮ್ ತಿರುಗ್ತದೆ, ಗಾಳಿ ತಣ್ಣಗೆ ಬರ್ತದೆ. ನಿಮ್ಮದು ತಿರುಗುವುದೇ ಇಲ್ಲ. ಹಾಗಾಗಿ ಆ ದಾರಿ ಬಿಡಿ.

ಮೊದಲು ಮೂರು ವಿಷಯ ಹೇಳಿ. ಬಟನ್ ಒತ್ತುವಾಗ ಪೂರಾ ಮೌನವಾ, ಒಂದು ‘ಟಕ್’ ಬರ್ತದಾ, ಅಥವಾ ‘ಗುಂಯ್’ ಅಂತ ಗುನುಗ್ತದಾ? ಪ್ಲಗ್ ತೆಗೆದು ಡ್ರಮ್ ಕೈಯಲ್ಲಿ ತಿರುಗಿಸಿದರೆ ಬಿಗಿ ಉಂಟಾ, ಸಡಿಲವಾಗಿ ಓಡ್ತದಾ? ಮಷಿನ್ ಹಾಕುವ ಹೊತ್ತಿಗೆ ಸಾಕೆಟ್‌ನಲ್ಲಿ ವೋಲ್ಟೇಜ್ ಎಷ್ಟು?

ಧಾರವಾಡ್_ವೈಂಡಿಂಗ್:
ಒಂಬತ್ತ ವರ್ಷದ ಮೋಟರ್, ಎಂಟ್ ತಿಂಗಳ ಕುಂತ ಎದ್ದೈತಿ. ನಾ ಅಂತೂ ಕಂಡೆನ್ಸರ್ ಅಂತೀನ್ರಿ. ಎರಡ್ನೂರ್ ಮುನ್ನೂರ್ ರೂಪಾಯಿ ಖರ್ಚು, ಮೊದಲ ಅದನ್ನ ಬದಲಿ ಮಾಡ್ರಿ.

ಟೆಸ್ಟ್‌ಲ್ಯಾಂಪ್:
ಇರಬಹುದು ಸರ್, ಆದರೆ ನೀವು ಹೇಳುವ ಕಂಡೆನ್ಸರ್, ಅಂದ್ರೆ ಮೋಟರ್ ಹೊರಡಿಸುವ ಕೆಪಾಸಿಟರ್, ಹೋದರೆ ಮೋಟರ್ ಗುನುಗಬೇಕಲ್ಲ. ಮೌನ ಅಂದ್ರೆ ಕರೆಂಟೇ ಮೋಟರ್ ವರೆಗೆ ಮುಟ್ಟಲಿಲ್ಲ ಅಂತ ಲೆಕ್ಕ. ಅವರ ಉತ್ತರ ಬರಲಿ.

ಹೆಬ್ರಿಮಳೆ:
ಸರಿಯಾಗಿ ನೋಡಿದೆ. ಹತ್ತು ಸಲ ಒತ್ತಿದರೆ ಏಳೆಂಟು ಸಲ ಪೂರಾ ಮೌನ. ಬಾಗಿಲನ್ನು ಮೊಣಕಾಲಲ್ಲಿ ಒತ್ತಿ ಹಿಡಿದರೆ ಒಂದೆರಡು ಸಲ ಗುಂಯ್ ಅಂತದೆ, ಡ್ರಮ್ ತಿರುಗುವುದಿಲ್ಲ. ಕೂಡ್ಲೇ ಬಿಟ್ಟೆ. ಡ್ರಮ್ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿ ಉಂಟು. ವೋಲ್ಟೇಜ್ ಬೆಳಿಗ್ಗೆ 10ಕ್ಕೆ 214, ಸಂಜೆ 7ಕ್ಕೆ 176.

ಟೆಸ್ಟ್‌ಲ್ಯಾಂಪ್:
ಹಾಗಾದರೆ ರೋಗ ಎರಡು. ಧಾರವಾಡದವರೂ ಅರ್ಧ ಗೆದ್ದರು.

ಡ್ರಮ್ ಬಿಗಿ ಉಂಟು ಅಂದರೆ ಬೆಲ್ಟ್ ತುಂಡಾಗಲಿಲ್ಲ. ತುಂಡಾಗಿದ್ದರೆ ಬೆರಳಲ್ಲಿ ತಳ್ಳಿದರೂ ಗಿರ್ರನೆ ಸುತ್ತುತ್ತಿತ್ತು. ಬಾಗಿಲು ಒತ್ತಿದಾಗ ಮಾತ್ರ ಗುನುಗುವುದು ಡೋರ್ ಸ್ವಿಚ್ಚಿನ ಕಥೆ. ಕರೆಂಟ್ ಮುಟ್ಟಿದ ಮೇಲೂ ತಿರುಗದಿರುವುದು ಕೆಪಾಸಿಟರ್ ಅಥವಾ ವೋಲ್ಟೇಜಿನ ಕಥೆ. ಮೊದಲು ಸ್ವಿಚ್ ನೋಡುವ.

ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮಷಿನ್ ಮೇಲೆ ಇಡಿ. ಬರೀ ಸ್ವಿಚ್ ಆಫ್ ಮಾಡಿದ್ದು ಸಾಲದು, ಹಳೆ ಮನೆಗಳಲ್ಲಿ ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿ ಫೇಸ್ ಹಾಗೇ ಬಿಟ್ಟದ್ದು ಎಷ್ಟೋ ಉಂಟು. ಬಾಗಿಲಿನ ಕೊಕ್ಕೆ ಹೋಗಿ ಕೂರುವ ತೂತಿನ ಹಿಂದೆ ಸ್ವಿಚ್ ಇರ್ತದೆ. ಕೆಲವದರಲ್ಲಿ ಎದುರಿನ ಎರಡು ಸ್ಕ್ರೂ ಬಿಚ್ಚಿದರೆ ಸಾಕು, ಕೆಲವದರಲ್ಲಿ ಮೇಲಿನ ಹಲಗೆ ತೆಗೆಯಬೇಕು, ಹಿಂದೆ ಎರಡು ಸ್ಕ್ರೂ ಬಿಚ್ಚಿ ಹಲಗೆ ಹಿಂದಕ್ಕೆ ಜಾರಿಸಿ ಎತ್ತುವುದು. ತಗಡಿನ ಅಂಚು ಬ್ಲೇಡಿನ ಹಾಗೆ ಇರ್ತದೆ, ಕೈಗೆ ಗವುಸು ಹಾಕಿಕೊಳ್ಳಿ. ವಯರ್ ಕೀಳುವ ಮೊದಲು ಒಂದು ಫೋಟೋ.

ಮೀಟರ್ 200 ಓಮ್‌ನಲ್ಲಿಟ್ಟು ಕಾಮನ್ ಮತ್ತು ಎನ್‌ಓ (ಒತ್ತಿದಾಗ ಮಾತ್ರ ಕೂಡುವ) ಕಾಲುಗಳಿಗೆ ಹಿಡಿಯಿರಿ. ಬಾಗಿಲು ತೆರೆದಿದ್ದಾಗ ಏನೂ ತೋರಿಸಬಾರದು. ಮುಚ್ಚಿದಾಗ 1 ಓಮ್‌ಗಿಂತ ಕಡಿಮೆ ಬರಬೇಕು. ಒಂದೇ ಸಲ ನೋಡಿ ಬಿಡಬೇಡಿ, ಇಪ್ಪತ್ತು ಸಲ ಮುಚ್ಚಿ ತೆರೆದು ನೋಡಿ. ಬಝರ್ ನಂಬಬೇಡಿ, 30 ಓಮ್ ಇದ್ದರೂ ಕೂಗುವ ಮೀಟರ್‌ಗಳುಂಟು.

ಡ್ಯಾಲಸ್_ದೊಡ್ಡಣ್ಣ:
ಸರಿ, ಒಪ್ಪಿದೆ. ಇಲ್ಲಿನ ಕನ್ನಡಿಗರು ಯಾರಾದರೂ ಓದ್ತಿದ್ದರೆ ಅವರಿಗಾಗಿ ಒಂದು ಮಾತು ಸೇರಿಸ್ತೀನಿ. ಎಲೆಕ್ಟ್ರಿಕ್ ಡ್ರೈಯರಿಗೆ 30 ಆಂಪಿಯರಿನ ಜೋಡಿ ಬ್ರೇಕರ್ ಇರುತ್ತೆ. ಅದರಲ್ಲಿ ಒಂದು ಕಾಲು ಮಾತ್ರ ಹೋಗಿ ಹಿಡಿ ಆನ್ ಇದ್ದ ಹಾಗೇ ಕಾಣಬಹುದು. ಮೋಟರಿನ ಕಡೆಯ ಕಾಲು ಹೋಗಿದ್ದರೆ ಏನೂ ಓಡಲ್ಲ. ಇನ್ನೊಂದು ಹೋಗಿದ್ದರೆ ಡ್ರಮ್ ತಿರುಗುತ್ತೆ, ಬಿಸಿ ಬರಲ್ಲ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಸಾಕೆಟ್ಟಿನಲ್ಲಿ ಎರಡು ಫೇಸ್ ನಡುವೆ 240, ಪ್ರತಿಯೊಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ಬರಬೇಕು. ಗ್ಯಾಸ್ ಡ್ರೈಯರ್ ಆದರೆ ಮಾಮೂಲಿ 120ರ ಪ್ಲಗ್ಗೇ, ಈ ತಾಪತ್ರಯ ಇಲ್ಲ. ಆ ಫ್ಯೂಸು ಹಾರಿದ್ದು ನಿಜವೇ ಆದರೆ ಹೊಸದು ಹಾಕುವ ಮೊದಲು ಹೊರಗಿನ ಪೈಪು ಬಿಡಿಸಿ ಜುಂಗು ತೆಗೀರಿ. ಗಾಳಿ ಕಟ್ಟಿ ಬಿಸಿ ಏರಿದ್ದಕ್ಕೇ ಅದು ಹಾರಿದ್ದು, ಹಾಗೇ ಬಿಟ್ಟರೆ ಹೊಸದೂ ಹಾರುತ್ತೆ.

ಲೀಡ್ಸ್_ಲಿಂಗಣ್ಣ:
ಇಂಗ್ಲೆಂಡಿನವರು ಮೊದಲು ಪ್ಲಗ್ಗಿನೊಳಗಿನ 13 ಆಂಪಿಯರ್ ಫ್ಯೂಸ್ ನೋಡಿ. ಕಂಡೆನ್ಸರ್ ಮಾದರಿ (ತೇವವನ್ನು ನೀರಾಗಿಸಿ ಟ್ಯಾಂಕಿಗೆ ಹಿಡಿಯುವ ಡ್ರೈಯರ್) ಆದರೆ ನೀರಿನ ಟ್ಯಾಂಕ್ ತುಂಬಿದೆಯಾ ನೋಡಿ. ಅಷ್ಟೇ, ಮುಂದುವರಿಸಿ.

ಕೊಪ್ಪ_ಕಾಫಿ:
ಮಧ್ಯೆ ಬಾಯಿ ಹಾಕ್ತಿದೀನಿ. ನಮ್ಮದು ತಿರುಗತ್ತೆ, ಬಿಸಿ ಬರಲ್ಲ. ಮೊನ್ನೆ ಬಟ್ಟೆ ಹಾಕಿದ್ದಾಗ ಕರೆಂಟ್ ಹೋಯ್ತು, ಒಂದು ಗಂಟೆ ಬಿಟ್ಟು ಬಂತು, ಅವತ್ತಿಂದ ಹೀಗೆ. ಹೀಟರ್ ಸುಟ್ಟುಹೋಗಿದೆ ಅಂತಾರೆ ಇಲ್ಲಿನವರು.

ಟೆಸ್ಟ್‌ಲ್ಯಾಂಪ್:
ಅಕ್ಕಾ, ಹೀಟರ್ ತರಿಸುವ ಮೊದಲು ಸ್ವಲ್ಪ ತಡೆಯಿರಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಇದು ದಿನಾ ಆಗುವ ಕೆಲಸ. ಮಷಿನ್ ಓಡುವಾಗ ಫ್ಯಾನ್ ಹೀಟರಿನ ಬಿಸಿಯನ್ನು ಎಳೆದುಕೊಂಡು ಹೋಗ್ತಿರ್ತದೆ. ಕರೆಂಟ್ ಹೋದ ತಕ್ಷಣ ಫ್ಯಾನ್ ನಿಲ್ತದೆ, ಕಾಯಿಲಿನ ಬಿಸಿ ಅಲ್ಲೇ ನಿಂತು ಪಕ್ಕದಲ್ಲಿರುವ ಥರ್ಮೋಸ್ಟಾಟಿಗೆ ಹೊಡೀತದೆ, ಅದು ಟ್ರಿಪ್, ಅಂದರೆ ಹೀಟರಿನ ಕರೆಂಟ್ ಕಡಿದು ಹಾಕ್ತದೆ. ಪ್ರತಿ ಸೈಕಲ್ಲಿನ ಕೊನೆಗೆ ಹತ್ತು ನಿಮಿಷ ತಣ್ಣಗಿನ ಗಾಳಿ ಊದಿಸುವುದು ಇದಕ್ಕೇ. ನಡುವೆ ಟೈಮರ್ ಸೊನ್ನೆಗೆ ತಿರುಗಿಸಿ ಬಟ್ಟೆ ತೆಗೆಯುವವರ ಮನೆಯಲ್ಲೂ ಇದೇ ಆಗುವುದು.

ಹೀಟರಿನ ತಗಡಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ದೊಡ್ಡ ಥರ್ಮೋಸ್ಟಾಟ್‌ಗಳು ಇರ್ತವೆ. ಅದರಲ್ಲಿ ಒಂದಕ್ಕೆ, ಎರಡು ವಯರಿನ ನಡುವೆ, ಸಣ್ಣ ಗುಂಡುಪಿನ್ ತಲೆಯಂಥ ಬಟನ್ ಇದ್ದರೆ ಅದು ಕೈಯಲ್ಲಿ ರೀಸೆಟ್ ಮಾಡುವಂಥದ್ದು. ಕೆಲವು ಮಷಿನಿನಲ್ಲಿ ಹಿಂದಿನ ತಗಡಿನ ತೂತಿನಿಂದಲೇ ಸಿಗ್ತದೆ. ಪ್ಲಗ್ ತೆಗೆದು, ಮಷಿನ್ ತಣ್ಣಗಾದ ಮೇಲೆ ಒತ್ತಿ. ‘ಟಕ್’ ಅಂದರೆ ಟ್ರಿಪ್ ಆಗಿತ್ತು ಅಂತ. ಒಂದು ಸಲ ಒತ್ತಬಹುದು. ಕರೆಂಟ್ ಹೋಗದೆಯೂ ಮತ್ತೆ ಟ್ರಿಪ್ ಆದರೆ ಗಾಳಿಯ ದಾರಿ ಕಟ್ಟಿದೆ ಅಂತ ತಿಳಿದು ಪೈಪ್ ನೋಡಿ.

ಇನ್ನು ಮುಂದೆ ನಡುವೆ ಕರೆಂಟ್ ಹೋದರೆ ಬಾಗಿಲು ಅಗಲ ತೆರೆದು ಬಟ್ಟೆ ಹೊರಗೆ ಹರಡಿ. ಬಿಸಿ ಬಟ್ಟೆ ಮುದ್ದೆಯಾಗಿ ಒಳಗೇ ಬಿದ್ದಿರಬಾರದು, ಎಣ್ಣೆಯ ಪಸೆ ಇರುವ ಅಡುಗೆಮನೆ ಮಸಿಬಟ್ಟೆಯಂತೂ ಕೂಡದು, ತಾನಾಗಿ ಹೊತ್ತಿಕೊಳ್ಳುವುದುಂಟು.

ಹೆಬ್ರಿಮಳೆ:
ಸ್ವಿಚ್ ಹೊರಗೆ ಬಂತು. ಇಪ್ಪತ್ತು ಸಲದ ಲೆಕ್ಕ: ಆರು ಸಲ 0.6 ಓಮ್, ಮೂರು ಸಲ 40ರಿಂದ 90ರ ನಡುವೆ, ಉಳಿದದ್ದಕ್ಕೆಲ್ಲ ಏನೂ ಇಲ್ಲ. ಹೇಗೂ ಹೋದದ್ದು ಅಂತ ಬ್ಲೇಡಿನಲ್ಲಿ ಒಡೆದು ನೋಡಿದೆ. ಒಳಗೆ ಕಡ್ಡಿಪೆಟ್ಟಿಗೆಯ ಕಾಲು ಭಾಗದಷ್ಟು ಜಾಗ, ಒಂದು ತಾಮ್ರದ ಪಟ್ಟಿ, ಅದರ ತುದಿಯಲ್ಲಿ ಎಳ್ಳಿನಷ್ಟು ದೊಡ್ಡ ಬೆಳ್ಳಿ ಬಣ್ಣದ ಚುಕ್ಕೆ. ಆ ಚುಕ್ಕೆ ಕಪ್ಪು ಕಪ್ಪು, ನಡುವೆ ಗುಳಿ ಬಿದ್ದಿದೆ. ಪಟ್ಟಿಗೂ ಕೆಳಗಿನ ಕಾಲಿಗೂ ನಡುವೆ ಮೂರು ಕಟ್ಟಿರುವೆ ಚಪ್ಪಟೆಯಾಗಿ ಅಂಟಿಕೊಂಡಿವೆ. ಕೊಕ್ಕೆ ತಾಗುವ ಪ್ಲಾಸ್ಟಿಕ್ ಸನ್ನೆಯೂ ಸವೆದು ಒಂದು ಮಿಲಿಮೀಟರ್ ತಗ್ಗು ಕಾಣ್ತದೆ.

ಟೆಸ್ಟ್‌ಲ್ಯಾಂಪ್:
ಇರುವೆ! ನಮ್ಮ ಕಡೆ ಸ್ವಿಚ್, ರಿಲೇ, ಪಂಪಿನ ಸ್ಟಾರ್ಟರ್, ಬಾಗಿಲ ಬೆಲ್ಲು ಯಾವುದನ್ನೂ ಅವು ಬಿಡುವುದಿಲ್ಲ. ಕರಾವಳಿಯ ಉಪ್ಪುಗಾಳಿ ಒಂದು ಕಡೆ, ಇರುವೆ ಇನ್ನೊಂದು ಕಡೆ. ಚುಕ್ಕೆ ಮರಳುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಆಸೆ ಬೇಡ. ಮೇಲಿನ ಬೆಳ್ಳಿಯ ಲೇಪ ಹೋಗಿ ಎರಡು ವಾರದಲ್ಲಿ ಅಂಟಿಕೊಂಡು ಕೂರ್ತದೆ. ಆಮೇಲೆ ಬಾಗಿಲು ತೆರೆದರೂ ಡ್ರಮ್ ನಿಲ್ಲದಿದ್ದರೆ ಮಕ್ಕಳಿರುವ ಮನೆಯಲ್ಲಿ ಅಪಾಯ.

16 ಆಂಪಿಯರ್, 250 ವೋಲ್ಟ್ ಎಸಿ ಎಂದು ಬರೆದ ಮೈಕ್ರೋಸ್ವಿಚ್ ತನ್ನಿ. ಇಲೆಕ್ಟ್ರಾನಿಕ್ ಅಂಗಡಿಯಲ್ಲಿ ಅದೇ ಗಾತ್ರದ 3 ಅಥವಾ 5 ಆಂಪಿಯರಿನದ್ದೂ ಕೊಡ್ತಾರೆ, ನೋಡಲಿಕ್ಕೆ ಒಂದೇ ಹಾಗೆ. ಡೋರ್ ಸ್ವಿಚ್ಚಿನಲ್ಲಿ ಹೀಟರಿನ ಕರೆಂಟೂ ಹಾಯುವ ಮಷಿನ್ ಆದರೆ 9 ಆಂಪಿಯರ್ ಹತ್ತಿರ ಹೋಗ್ತದೆ, ಸಣ್ಣದು ಕರಗ್ತದೆ. ಹಳೆಯದರ ಸ್ಕ್ರೂ ತೂತುಗಳ ಅಂತರ, ಸನ್ನೆಯ ಉದ್ದ ಎರಡೂ ಅಳೆದು ಹೋಗಿ. ವಯರಿನ ತುದಿಯ ಹಿತ್ತಾಳೆ ಕ್ಲಿಪ್ ಹಸಿರುಗಟ್ಟಿದ್ದರೆ ಅದನ್ನೂ ಬದಲಾಯಿಸಿ.

ಧಾರವಾಡ್_ವೈಂಡಿಂಗ್:
ಸ್ವಿಚ್ ತರಾಕ ಹೋಗೋರಿದ್ರ ಕಂಡೆನ್ಸರ್ ಬಿಚ್ಚಿ ಅಳದು ಹೋಗ್ರಿ, ಎರಡ ಸಲ ಅಂಗಡಿ ತಿರುಗೂದ ತಪ್ಪತೈತಿ. ಮೋಟರ್ ಬಾಜೂಕ ಬಿಳಿ ಪ್ಲಾಸ್ಟಿಕ್ ಡಬ್ಬಿ, ತಳದಾಗ ಒಂದ್ ನಟ್ಟು. ಮೈಮ್ಯಾಲೆ ಎಷ್ಟ ಮೈಕ್ರೋಫ್ಯಾರಡ್ ಅಂತ ಬರದಿರತೈತಿ, ಇಂಥಾ ಮೋಟರಿಗೆ 8ರಿಂದ 12ರ ಒಳಗ ಇರತೈತಿ. ಮುಟ್ಟೂಕಿಂತ ಮೊದಲ ಚಾರ್ಜ್ ಇಳಸ್ರಿ. ಸ್ಕ್ರೂಡ್ರೈವರ್ ಅಡ್ಡ ಹಿಡದು ‘ಫಟ್’ ಅನ್ಸೂದು ಬ್ಯಾಡ, ಕಾಲು ಸುಡತಾವ. ಹೋಲ್ಡರಿಗೆ 60 ವ್ಯಾಟ್ ಹಳೇ ಬಲ್ಬ್ ಹಾಕಿ ಎರಡೂ ವಯರ್ ತುದಿ ಎರಡ ಕಾಲಿಗೆ ಐದ್ ಸೆಕೆಂಡ್ ಹಿಡೀರಿ, ಸಾಕು. ಎರಡೂ ಕಡೆ ವಯರ್ ಕಿತ್ತ ಮ್ಯಾಲೇ ಮೀಟರ್ ಹಚ್ಚರಿ, ಇಲ್ಲಂದ್ರ ಮೋಟರಿನ ವೈಂಡಿಂಗ್ (ತಂತಿ ಸುರುಳಿ) ಸೇರಿ ಸುಳ್ಳ ಲೆಕ್ಕ ತೋರಸ್ತೈತಿ.

ಹೆಬ್ರಿಮಳೆ:
ಮೇಲೆ 9 ಮೈಕ್ರೋಫ್ಯಾರಡ್, ಹೆಚ್ಚುಕಡಿಮೆ ಶೇ. 5, 450 ವೋಲ್ಟ್ ಅಂತ ಉಂಟು. ಮೀಟರಿನಲ್ಲಿ 5.8 ಬಂತು. ಮೋಟರಿನ ಎರಡು ವೈಂಡಿಂಗ್ 27 ಮತ್ತು 28 ಓಮ್, ಅವುಗಳಿಂದ ಮೋಟರಿನ ಮೈಗೆ ಏನೂ ತೋರಿಸುವುದಿಲ್ಲ.

ಧಾರವಾಡ್_ವೈಂಡಿಂಗ್:
ಮೋಟರ್ ಗಟ್ಟಿ ಐತಿ. ಎರಡೂ ವೈಂಡಿಂಗ್ ಸಮ ಇರೂದು ಡ್ರಮ್ ಎಡಕ್ಕೂ ಬಲಕ್ಕೂ ತಿರುಗೂ ಮಷಿನ್‌ದಾಗ ಸಹಜ. ಕಂಡೆನ್ಸರ್ ಸತ್ತೈತಿ. 9 ಇದ್ದಿದ್ದು 8.5ರ ಕೆಳಗ ಬಂದ್ರ ಡಬ್ಬಿ ಮ್ಯಾಲಿನ ಮಾತ ತಪ್ಪಿದಂಗ, 8ರ ಕೆಳಗ ಬಂದ್ರ ಇಟ್ಕೊಬ್ಯಾಡ್ರಿ. 9 ಸಿಗದಿದ್ರ 10 ನಡೀತೈತಿ, 12 ಹಾಕಬ್ಯಾಡ್ರಿ, ಮೋಟರ್ ಕಾಯತೈತಿ. ವೋಲ್ಟ್ ಮಾತ್ರ 450 ಎಸಿ ಇರಬೇಕು. ಲೈನ್ 230 ಇದ್ರೂ ಓಡೂ ಹೊತ್ತಿನಾಗ ಕಂಡೆನ್ಸರ್ ಕಾಲಿನ ಮ್ಯಾಲೆ ಅದಕ್ಕಿಂತ ಭಾಳ ಜಾಸ್ತಿ ಏರತೈತಿ, 250ರದ್ದು ಉಬ್ಬಿ ಒಡೀತೈತಿ. ಫ್ಯಾನಿನ 2.5ರದ್ದು ನಾಲ್ಕು ಕೂಡಸಿ ಕಟ್ಟೂ ಮಂದಿ ಇದಾರ, ಆ ಉಸಾಬರಿ ಬ್ಯಾಡ.

ಟೆಸ್ಟ್‌ಲ್ಯಾಂಪ್:
ಸಂಜೆಯ 176 ವೋಲ್ಟಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡ್ತೇನೆ. ಇಂಥ ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳೀತದೆ. 230ರಲ್ಲಿ ನೂರು ಇದ್ದರೆ 176ರಲ್ಲಿ 59 ಮಾತ್ರ. ಅದರ ಮೇಲೆ ಕೆಪಾಸಿಟರೂ ಸೊರಗಿದ್ದರೆ, ನೀರು ಕುಡಿದ ಎರಡು ಬೆಡ್‌ಶೀಟ್ ಹಾಕಿದ ಡ್ರಮ್ ಎತ್ತುವುದು ಎಲ್ಲಿಂದ? ಬರೀ ಗುನುಗ್ತದೆ. ಅರ್ಧ ನಿಮಿಷ ಹಾಗೇ ಬಿಟ್ಟರೆ ಮೋಟರಿನ ಒಳಗಿನ ಓವರ್‌ಲೋಡ್ ಕಡಿದುಕೊಳ್ತದೆ, ತಣ್ಣಗಾಗಲಿಕ್ಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಮಷಿನ್ ಪೂರಾ ಸತ್ತ ಹಾಗೆ ಕಾಣ್ತದೆ, ಜನ ಗಾಬರಿ ಬಿದ್ದು ಬೋರ್ಡ್ ಬದಲಾಯಿಸ್ತಾರೆ.

ಹೀಟರೂ ಅಷ್ಟೇ. 2000 ವ್ಯಾಟಿನದ್ದು 176ರಲ್ಲಿ 1170 ಸುಮಾರು ಕೊಡ್ತದೆ. ಒಂದು ಗಂಟೆಯ ಬಟ್ಟೆಗೆ ಒಂದೂಮುಕ್ಕಾಲು ಗಂಟೆ. ಬೆಳಿಗ್ಗೆ ಹಾಕುವುದೇ ಲಾಭ. ಸ್ಟೆಬಿಲೈಜರ್ ಹಾಕುವುದಾದರೆ ಎಸಿಗೆ ಹಾಕುವ 4 ಕೆವಿಎ ಬೇಕು, ಫ್ರಿಜ್ಜಿನದ್ದು ಸುಟ್ಟು ಹೋಗ್ತದೆ. ಇನ್ನೊಂದು ನೆನಪಿಡಿ, ಅದು ವೋಲ್ಟೇಜ್ ಏರಿಸುವಾಗ ಗೋಡೆಯ ಕಡೆಯಿಂದ 13 ಆಂಪಿಯರ್ ಹತ್ತಿರ ಎಳೀತದೆ. ಆ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ವಯರ್ ಇಲ್ಲದಿದ್ದರೆ ಆ ಕೆಲಸ ಮೊದಲು.

ಸಿರ್ಸಿ_ಅಟ್ಟ:
ಬಚ್ಚಲೊಲೆ ಮೇಲೆ ಗಳ ಕಟ್ಟಿ ಒಣಗಿಸೋದೇ ವಾಸಿ ಅನ್ನಿಸ್ತು ಇದನ್ನೆಲ್ಲ ಓದಿ! ಹೊಗೆ ವಾಸನೆ ಒಂದು ಬಿಟ್ರೆ ರಿಪೇರಿ ಇಲ್ಲ. ಇರಲಿ, ಇನ್ವರ್ಟರ್ ಲೈನಿಗೆ ಹಾಕಿ ಓಡಿಸ್ಬಹುದಾ? ಬಿಸಿ ಇಲ್ಲದೆ ಬರೀ ಗಾಳಿಯಲ್ಲಿ?

ಟೆಸ್ಟ್‌ಲ್ಯಾಂಪ್:
ಹೀಟರ್ ಸೇರಿದರೆ ಖಂಡಿತ ಇಲ್ಲ. ಬರೀ ಗಾಳಿಯಲ್ಲಿ ಮೋಟರ್ ಓಡಿದರೂ ಹೊರಡುವ ಹೊತ್ತಿಗೆ ಹಲವು ಪಟ್ಟು ಕರೆಂಟ್ ಕೇಳ್ತದೆ, 850 ವಿಎ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗ್ತದೆ. ಮತ್ತೆ ಮಳೆಗಾಲದ ತೇವದ ಗಾಳಿಯಲ್ಲಿ ಬಿಸಿ ಇಲ್ಲದೆ ತಿರುಗಿಸಿದರೆ ಬಟ್ಟೆ ಒಣಗುವುದಿಲ್ಲ, ಸುಸ್ತಾಗ್ತದೆ ಅಷ್ಟೇ.

ಮಡಿಕೇರಿ_ಮಂಜು:
ನಮ್ಮಲ್ಲಿ ಸ್ಟಾರ್ಟ್ ಒತ್ತಿದ ಕೂಡಲೇ ಮನೆಯದ್ದೆಲ್ಲ ಆಫ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೀಳ್ತಿದೆ. ಎಂಸಿಬಿ (ಲೋಡ್ ಹೆಚ್ಚಾದರೆ ಕಡಿಯುವ ಸ್ವಿಚ್) ಬೀಳಲ್ಲ. ತಣ್ಣನೆ ಗಾಳಿಯಲ್ಲಿಟ್ಟರೆ ಓಡುತ್ತೆ.

ಟೆಸ್ಟ್‌ಲ್ಯಾಂಪ್:
ಉತ್ತರ ನೀವೇ ಬರೆದಿದ್ದೀರಿ. ತಣ್ಣಗೆ ಓಡ್ತದೆ, ಬಿಸಿಗೆ ಬೀಳ್ತದೆ ಅಂದರೆ ಹೀಟರಿನಿಂದ ಮಷಿನಿನ ಮೈಗೆ ಕರೆಂಟ್ ಸೋರಿಕೆ. ಹೀಟರಿನ ಎರಡೂ ವಯರ್ ಕಿತ್ತು, ಒಂದು ಕಾಲಿಗೂ ಬಾಡಿಗೂ ನಡುವೆ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ಸೋರಿಕೆ ನೋಡುವ ಮೀಟರ್) ಹಿಡಿಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಅದೇ. ಮಲ್ಟಿಮೀಟರ್ 9 ವೋಲ್ಟಿನ ಬ್ಯಾಟರಿಯಲ್ಲಿ ನೋಡುವುದರಿಂದ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ.

ತೆರೆದ ಕಾಯಿಲ್ ಆದರೆ ಎಲ್ಲೋ ಒಂದು ಸುತ್ತು ಜೋತುಬಿದ್ದು ತಗಡಿಗೆ ತಾಗಿರ್ತದೆ, ಅಥವಾ ಒದ್ದೆ ಜುಂಗು ಸೇತುವೆ ಕಟ್ಟಿರ್ತದೆ. ಕೊಳವೆಯೊಳಗಿನ ಕಾಯಿಲ್ ಆದರೆ ತಿಂಗಳುಗಟ್ಟಲೆ ಮಂಜಿನಲ್ಲಿ ಕೂತು ಒಳಗಿನ ಪುಡಿ ತೇವ ಹೀರಿರ್ತದೆ. ಬಿಚ್ಚಿ ಹೀಟ್ ಗನ್ನಿನಲ್ಲಿ ಒಣಗಿಸಿದರೆ ಸರಿಯಾಗುವುದುಂಟು. ಆಗದಿದ್ದರೆ ಹೊಸ ಹೀಟರ್. ಅರ್ಥಿಂಗ್ ವಯರ್ ಕಿತ್ತುಹಾಕಿ ‘ಸರಿ ಮಾಡಿಕೊಡುವವರು’ ಬಂದರೆ ಮನೆಯೊಳಗೆ ಸೇರಿಸಬೇಡಿ.

ಕೊಪ್ಪ_ಕಾಫಿ:
ಒತ್ತಿದೆ, ಟಕ್ ಅಂತು, ಬಿಸಿ ಬಂತು. ಆದ್ರೂ ಹೇಳಿದ ಹಾಗೆ ಪೈಪ್ ಬಿಚ್ಚಿ ನೋಡಿದೆ. ಹೊರಗಿನ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಮುಕ್ಕಾಲು ಮುಚ್ಚಿಬಿಟ್ಟಿತ್ತು. ಒಳಗಡೆ ಬೂದು ಹತ್ತಿ ಒಂದು ಹಿಡಿ.

ಟೆಸ್ಟ್‌ಲ್ಯಾಂಪ್:
ಒಳ್ಳೇದಾಯ್ತು, ಕಾರಣವೂ ಸಿಕ್ಕಿತು. ಪೈಪ್ 4 ಇಂಚಿನದ್ದು, ಸಾಧ್ಯವಾದಷ್ಟು ಗಿಡ್ಡ, ತಿರುವು ಎರಡಕ್ಕಿಂತ ಹೆಚ್ಚು ಬೇಡ. ಒಳಗಿನ ಜುಂಗಿನ ಜಾಲರಿ ಪ್ರತಿ ಸಲವೂ ತೆಗೆದು ಒರೆಸಿ. ನೀರಿನಡಿ ಹಿಡಿದಾಗ ನೀರು ಮೇಲೇ ನಿಂತರೆ ಫ್ಯಾಬ್ರಿಕ್ ಕಂಡಿಷನರಿನ ಪೊರೆ ಕಟ್ಟಿದೆ ಅಂತ, ಸೋಪು ಹಾಕಿ ಬ್ರಶ್‌ನಲ್ಲಿ ತೊಳೆಯಿರಿ.

ಹೆಬ್ರಿಮಳೆ:
ಮುಗೀತು. ಸ್ವಿಚ್ ಹಾಕಿದೆ, ಇಪ್ಪತ್ತಕ್ಕೆ ಇಪ್ಪತ್ತೂ 0.2 ಓಮ್. ಕೆಪಾಸಿಟರ್ 9 ಸಿಗಲಿಲ್ಲ, 10 ಹಾಕಿದೆ. ಬೆಳಿಗ್ಗೆ 212 ವೋಲ್ಟಿನಲ್ಲಿ ಖಾಲಿ ಡ್ರಮ್, ಮುಟ್ಟಿದ ತಕ್ಷಣ ಹೊರಟಿತು. ಸಂಜೆ 178ರಲ್ಲಿ ಮೂರು ಕೆಜಿ ಒದ್ದೆ ಬಟ್ಟೆ ಹಾಕಿ ನೋಡಿದೆ, ಅರ್ಧ ಸೆಕೆಂಡ್ ಯೋಚನೆ ಮಾಡಿ ಹೊರಟಿತು. ಇಪ್ಪತ್ತು ನಿಮಿಷದ ನಂತರ ಪ್ಲಗ್ ತೆಗೆದು ಮುಟ್ಟಿದರೆ ಪಿನ್ ಸ್ವಲ್ಪ ಬೆಚ್ಚಗೆ, ಸುಡುವಷ್ಟಿಲ್ಲ. ಬೆಲ್ಟಿನಲ್ಲಿ ಸಣ್ಣ ಸೀಳು ಕಾಣ್ತದೆ, ಮೇಲೆ 1860 ಎಚ್7 ಅಂತ ಬರೆದದ್ದು. ಏನದು?

ಟೆಸ್ಟ್‌ಲ್ಯಾಂಪ್:
1860 ಮಿಲಿಮೀಟರ್ ಸುತ್ತಳತೆ, ಏಳು ಗೀರು. ಎಚ್ ಅಂದರೆ ಗೀರಿನ ಅಂತರ 1.6 ಮಿಲಿಮೀಟರ್. ಜೆ ಅಂತ ಬರೆದದ್ದು ಕೊಟ್ಟರೆ ತರಬೇಡಿ, ಅದರ ಗೀರು ದಪ್ಪ, ಮೋಟರಿನ ಪುಲ್ಲಿಗೆ ಕೂರುವುದಿಲ್ಲ. ಅಡ್ಡ ಸೀಳು ಆದರೆ ಈ ಮಳೆಗಾಲ ದಾಟೀತು, ಉದ್ದಕ್ಕೆ ನೂಲು ಎದ್ದಿದ್ದರೆ ಈಗಲೇ ಬದಲಿಸಿ. ಪಿನ್ ಬೆಚ್ಚಗಿರುವುದು ಸರಿ, ಪ್ಲಗ್ಗಿನ ಪ್ಲಾಸ್ಟಿಕ್ ಕಂದಾದರೆ ಸಾಕೆಟ್ಟಿನ ಸ್ಪ್ರಿಂಗ್ ಸಡಿಲ ಅಂತ ತಿಳಿದು ಸಾಕೆಟ್ ಬದಲಿಸಿ.

ಅಕ್ಟೋಬರಿನಲ್ಲಿ ಮುಚ್ಚಿಡುವಾಗ ಪೈಪಿನ ಹೊರಬಾಯಿಗೆ ಬಟ್ಟೆ ಕಟ್ಟಿ, ಹುಳ ಬರುವುದಿಲ್ಲ. ತಿಂಗಳಿಗೊಮ್ಮೆ ಬಟ್ಟೆ ಬಿಚ್ಚಿ ಹತ್ತು ನಿಮಿಷ ಖಾಲಿ ಓಡಿಸಿ, ಹೀಟರಿನ ತೇವ ಹೋಗ್ತದೆ. ಓಡಿಸುವಾಗ ಆ ಬಟ್ಟೆ ಮಾತ್ರ ಇರಲೇಬಾರದು. ಡ್ರೈಯರಿನ ಪ್ಲಗ್ಗಿಗೇ ಒಂದು ಚೀಟಿ ಕಟ್ಟಿಡಿ, ‘ಹೊರಗೆ ಬಟ್ಟೆ ಕಟ್ಟಿದೆ’ ಅಂತ. ಚೀಟಿ ಬಿಚ್ಚದೆ ಪಿನ್ ಸಾಕೆಟ್ಟಿಗೆ ಹೋಗಬಾರದು, ಹಾಗೆ ಕಟ್ಟಿ.